ಅಚ್ಚಿನೊಳಗೆ ಊದಿದ ರೋಮನ್ ಗಾಜು: ಬಟ್ಟಲಿನ ಮೇಲಿರುವ ಹೆಸರು ಯಾರದು?

ಪ್ರಶ್ನೆ: ತುಂಗಾತೀರ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಗ್ರೀಕ್ ಮತ್ತು ರೋಮನ್ ವಿಭಾಗದಲ್ಲಿ ಕ್ರಿ.ಶ. ಒಂದನೆಯ ಶತಮಾನದ ಗಾಜಿನ ಬಟ್ಟಲೊಂದನ್ನು ಇತ್ತೀಚೆಗೆ ನೋಡಿದೆ. ಅದರ ಮೈತುಂಬ ಉಬ್ಬುಚಿತ್ತಾರವಿದೆ. ಚಿತ್ತಾರದ ನಡುವೆ ಎರಡೂ ತುದಿಗೆ ಕಿವಿಗಳಿರುವ ಚೌಕಟ್ಟೊಂದರೊಳಗೆ ಗ್ರೀಕ್ ಅಕ್ಷರಗಳು ಎದ್ದು ನಿಂತಿವೆ. ಬರಹದ ಅರ್ಥ ‘ಎನ್ನಿಯೋನ್ ಮಾಡಿದನು’ ಎಂದು ವಿವರಣೆಯಲ್ಲಿ ಓದಿದೆ. ಬಟ್ಟಲನ್ನು ಅಚ್ಚಿನಲ್ಲಿ ಊದಿ ಮಾಡಲಾಗಿದೆ ಎಂಬುದನ್ನು ಬಿಟ್ಟರೆ ತಯಾರಿಕೆಯ ಬಗ್ಗೆ ಅಲ್ಲಿ ಹೆಚ್ಚೇನೂ ಇರಲಿಲ್ಲ.

ನನಗೆ ಎರಡು ಸಂದೇಹಗಳಿವೆ. ಕರಗಿದ ಗಾಜನ್ನು ಅಚ್ಚಿಗೆ ಎರೆದು ಮಾಡಿದ ಪಾತ್ರೆ ಯಾವುದು, ಅಚ್ಚಿನೊಳಗೆ ಊದಿ ಮಾಡಿದ ಪಾತ್ರೆ ಯಾವುದು ಎಂಬುದನ್ನು ಎರಡು ಸಾವಿರ ವರ್ಷಗಳ ಬಳಿಕ ಯಾವ ಆಧಾರದ ಮೇಲೆ ಹೇಳುತ್ತಾರೆ? ಇದಕ್ಕಿಂತಲೂ ಹೆಚ್ಚು ಕಾಡುತ್ತಿರುವುದು ಆ ಹೆಸರು. ಅಕ್ಷರಗಳು ಅಚ್ಚಿನಲ್ಲಿಯೇ ಇದ್ದುವೆಂದಾದರೆ, ಆ ಅಚ್ಚು ಕೈಗೆ ಸಿಕ್ಕ ಯಾರು ಊದಿದರೂ ಪಾತ್ರೆಯ ಮೇಲೆ ಎನ್ನಿಯೋನನ ಹೆಸರೇ ಮೂಡುತ್ತಿತ್ತಲ್ಲವೇ? ಹಾಗಾದರೆ ಅವನು ಅಚ್ಚನ್ನು ಕೊರೆದವನೋ, ಗಾಜನ್ನು ಊದಿದವನೋ, ಅಥವಾ ಇಬ್ಬರನ್ನೂ ಸಂಬಳಕ್ಕೋ ದಾಸ್ಯಕ್ಕೋ ಇರಿಸಿಕೊಂಡಿದ್ದ ಒಡೆಯನೋ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಕುಲುಮೆವಾಸಿ

ತುಂಗಾತೀರ ಅವರೇ, ಗಾಜು ಊದುವ ಸಣ್ಣ ಕಾರ್ಯಾಗಾರವೊಂದರಲ್ಲಿ ಕೆಲಸ ಮಾಡುವವನಾದ್ದರಿಂದ ನಿಮ್ಮ ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಹೆಸರಿನ ವಿಚಾರವನ್ನು ಶಾಸನಗಳನ್ನು ಓದಿದವರು ಹೇಳಲಿ.

ಈ ವ್ಯತ್ಯಾಸವನ್ನು ಪಾತ್ರೆಯ ಒಳಮೈಯಲ್ಲಿ ಹುಡುಕಬೇಕು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವಾಗ ಮರದ ಪಡಿಯಚ್ಚುಗಳನ್ನು ಜೋಡಿಸಿ, ಬಿಗಿದು, ಅದರೊಳಗೆ ಪಾಕವನ್ನು ಸುರಿಯುತ್ತೇವೆ. ಗೊಂಬೆಯ ರೂಪವೆಲ್ಲ ಹೊರಮೈಯಲ್ಲಿರುತ್ತದೆ, ಒಳಗೆ ಗಟ್ಟಿಯಾಗಿರುತ್ತದೆ. ಎರಕದ ಗಾಜಿನದೂ ಇದೇ ಬಗೆ: ಗೋಡೆ ದಪ್ಪ, ಹೊರಗೆ ಚಿತ್ತಾರವಿದ್ದರೂ ಒಳಗೆ ಅದರ ಸುಳಿವಿರುವುದಿಲ್ಲ. ಅಚ್ಚಿನೊಳಗೆ ಊದಿದಾಗ ನಡೆಯುವುದೇ ಬೇರೆ. ಊದುಕೊಳವೆಯ ತುದಿಯಲ್ಲಿರುವ ಬಿಸಿ ಗಾಜಿನ ಬುಗ್ಗೆಯನ್ನು ಅಚ್ಚಿನೊಳಗೆ ಇಳಿಸಿ ಊದಿದಾಗ, ಗಾಳಿಯ ಒತ್ತಡಕ್ಕೆ ಗಾಜಿನ ತೆಳುಪದರವು ಅಚ್ಚಿನ ಪ್ರತಿಯೊಂದು ತಗ್ಗಿಗೂ ನುಗ್ಗುತ್ತದೆ. ಹೀಗಾಗಿ ಹೊರಗೆ ಎಲೆ ಉಬ್ಬಿರುವಲ್ಲಿ ಒಳಗೆ ಬೆರಳು ಇಟ್ಟರೆ ತಗ್ಗು ಸಿಗುತ್ತದೆ. ಹೊರಗಿನ ಅಂಚುಗಳು ಚೂಪಾಗಿದ್ದರೂ ಒಳಗಿನವು ಮೃದುವಾಗಿ, ದುಂಡಗಾಗಿ ಇರುತ್ತವೆ, ಏಕೆಂದರೆ ಅಚ್ಚನ್ನು ಮುಟ್ಟಿದ್ದು ಹೊರಮೈ ಮಾತ್ರ. ಒಳಮೈಯನ್ನು ಗಾಳಿಯಲ್ಲದೆ ಬೇರಾವ ಉಪಕರಣವೂ ಮುಟ್ಟಿರುವುದಿಲ್ಲ.

ಎರಡನೆಯ ಗುರುತು ಸಂದಿನ ಗೆರೆ. ಉಬ್ಬುಚಿತ್ತಾರವಿರುವ ಪಾತ್ರೆಯು ಇಡಿಯಾದ ಒಂದೇ ಅಚ್ಚಿನಿಂದ ಹೊರಬರಲಾರದು. ಬಳ್ಳಿಯ ಅಂಚುಗಳೇ ಅದನ್ನು ಹಿಡಿದುಕೊಳ್ಳುತ್ತವೆ. ಆದ್ದರಿಂದ ಅಚ್ಚನ್ನು ಭಾಗಗಳಾಗಿ ಮಾಡಬೇಕಾಗುತ್ತದೆ. ಹಲವು ಬಟ್ಟಲುಗಳಲ್ಲಿ ಮೈಗೆ ಎರಡೋ ಮೂರೋ ನಿಲುವು ಭಾಗಗಳೂ ತಳಕ್ಕೆ ಬೇರೆಯೇ ಒಂದು ಬಿಲ್ಲೆಯೂ ಇದ್ದುದು ಗೆರೆಗಳಿಂದ ತಿಳಿಯುತ್ತದೆ. ಭಾಗಗಳು ಸೇರುವಲ್ಲಿ ಎಷ್ಟೇ ಬಿಗಿದರೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಬಿಸಿ ಗಾಜು ಅದರೊಳಗೂ ಇಣುಕುತ್ತದೆ. ಕಳಪೆ ಕೆಲಸದಲ್ಲಿ ಈ ಗೆರೆ ಚಿತ್ರಗಳ ಮುಖದ ಮೇಲೆಯೇ ಹಾದುಹೋಗಿರುವುದುಂಟು. ನೀವು ನೋಡಿದ ಎನ್ನಿಯೋನನ ಬಗೆಯ ಕೆಲಸದಲ್ಲಿ ಅದನ್ನು ಬಳ್ಳಿಯ ಕಾಂಡದ ಜಾಡಿನಲ್ಲೋ ಅಲಂಕಾರದ ಅಂಚಿನಲ್ಲೋ ಅಡಗಿಸಿರುತ್ತಾರೆ. ವಸ್ತುಸಂಗ್ರಹಾಲಯದಲ್ಲಿ ಇಂಥ ಪಾತ್ರೆಯ ಮುಂದೆ ನಿಂತಾಗ ನಾನು ಮೊದಲು ಹುಡುಕುವುದು ಈ ಗೆರೆಯನ್ನೇ. ಅದು ಬೇಗ ಸಿಗಲಿಲ್ಲವೆಂದರೆ ಅಚ್ಚು ಮಾಡಿದವನಿಗೆ ಮನಸ್ಸಿನಲ್ಲಿಯೇ ನಮಸ್ಕರಿಸುತ್ತೇನೆ.

ಅಚ್ಚನ್ನು ಯಾವುದರಿಂದ ಮಾಡುತ್ತಿದ್ದರು ಎಂಬುದಕ್ಕೆ ನೇರ ಸಾಕ್ಷ್ಯ ಕಡಿಮೆ. ಸುಟ್ಟ ಜೇಡಿಮಣ್ಣು, ಸುಣ್ಣದ ಗಾರೆಯಂಥ ಜಿಪ್ಸಮ್, ಮರ, ಕಲ್ಲು, ಕಂಚು ಇವೆಲ್ಲ ಸಾಧ್ಯವೇ. ಸೂಕ್ಷ್ಮ ಚಿತ್ತಾರಕ್ಕೆ ಸುಟ್ಟ ಮಣ್ಣೇ ಹೆಚ್ಚು ಒಗ್ಗುತ್ತದೆ ಎಂಬುದು ಈ ವಿದ್ಯೆಯನ್ನು ಮರಳಿ ಪ್ರಯೋಗಿಸಿ ನೋಡಿದವರ ಅನುಭವ. ಮೊದಲು ಮಾದರಿಯೊಂದನ್ನು ಮೇಣದಲ್ಲೋ ಮಣ್ಣಿನಲ್ಲೋ ತಯಾರಿಸಿ, ಅದರ ಮೇಲೆ ಹಸಿ ಜೇಡಿಯನ್ನು ಒತ್ತಿ, ಭಾಗಭಾಗವಾಗಿ ಕತ್ತರಿಸಿ ಬಿಡಿಸಿ ಸುಟ್ಟರೆ ಅಚ್ಚು ಸಿದ್ಧವಾಗುತ್ತದೆ. ಈ ದಾರಿಯಲ್ಲಿ ಅಕ್ಷರಗಳನ್ನು ಮಾದರಿಯ ಮೇಲೆ ನೇರವಾಗಿ ಬರೆದರೆ ಸಾಕು. ಅಚ್ಚಿನಲ್ಲಿಯೇ ನೇರ ಕೊರೆಯುವುದಾದರೆ ಬಲದಿಂದ ಎಡಕ್ಕೆ, ಕನ್ನಡಿಯ ಬಿಂಬದಂತೆ ಕೊರೆಯಬೇಕಾಗುತ್ತದೆ. ಕೆಲವೊಮ್ಮೆ ಮಾದರಿಯನ್ನು ಮಾಡುವ ಗೋಜೇ ಇರಲಿಲ್ಲ. ಕಂದು ಬಣ್ಣದ ಗಾಜಿನಲ್ಲಿ ಖರ್ಜೂರದ ಆಕಾರದ ಸುಗಂಧ ತೈಲದ ಪುಟ್ಟ ಕುಪ್ಪಿಗಳು ಬಹಳ ಸಿಕ್ಕಿವೆ. ಅವುಗಳ ಸಿಪ್ಪೆಯ ಸುಕ್ಕುಗಳು ಎಷ್ಟು ಸಹಜವಾಗಿವೆಯೆಂದರೆ, ನಿಜವಾದ ಹಣ್ಣಿನ ಮೇಲೆಯೇ ಮಣ್ಣನ್ನು ಒತ್ತಿ ಅಚ್ಚು ತೆಗೆದಿರಬೇಕು ಎಂಬುದು ಸಾಮಾನ್ಯ ಅಭಿಪ್ರಾಯ.

ಇನ್ನು ಊದುವವನ ಪಾಲು. ಬಿಸಿ ಗಾಜು ತಣ್ಣಗಿನ ಅಚ್ಚನ್ನು ತಾಗಿದ ಕ್ಷಣದಲ್ಲಿಯೇ ಹೊರಪದರ ಬಿಗಿಯತೊಡಗುತ್ತದೆ. ಗಾಜು ಸಾಕಷ್ಟು ಬಿಸಿಯಾಗಿರದಿದ್ದರೆ ಅಥವಾ ಊದು ದುರ್ಬಲವಾಗಿದ್ದರೆ ಅಕ್ಷರಗಳು ಅರ್ಧಕ್ಕೇ ನಿಲ್ಲುತ್ತವೆ. ಅತಿಯಾಗಿ ಬಿಸಿಯಾಗಿದ್ದರೆ ಗಾಜು ಸಂದುಗಳಲ್ಲಿ ಹರಿದು ಗೆರೆಗಳು ದಪ್ಪವಾಗುತ್ತವೆ. ಅಚ್ಚನ್ನು ಬಿಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಟ್ಟಲಾದರೆ ಅಚ್ಚಿನ ಮೇಲೆ ಉಳಿದ ಗಾಜನ್ನು ಒಡೆದು ತೆಗೆದು ಬಾಯಂಚನ್ನು ಅರೆದು ನಯಗೊಳಿಸಬೇಕು. ಹೂಜಿಯಾದರೆ ಕಂಠವನ್ನೂ ತುಟಿಯನ್ನೂ ಕೈಯಿಂದ ರೂಪಿಸಬೇಕು. ಹಿಡಿಕೆಯನ್ನು ಬೇರೆ ಬಿಸಿ ಗಾಜಿನಿಂದ ಎಳೆದು ಅಂಟಿಸಬೇಕು. ಆಮೇಲೆ ಬಿರುಕು ಬಿಡದಂತೆ ನಿಧಾನವಾಗಿ ತಣಿಸಬೇಕು. ಅಚ್ಚು ಸಿದ್ಧವಿದ್ದ ಮಾತ್ರಕ್ಕೆ ಯಾರು ಬೇಕಾದರೂ ಊದಬಹುದೆಂಬ ನಿಮ್ಮ ಊಹೆಗೆ ಇದಿಷ್ಟು ತಿದ್ದುಪಡಿ.

ಉತ್ತರ: ಶಾಸನಪ್ರಿಯೆ

ಕುಲುಮೆವಾಸಿ ಅವರ ವಿವರಣೆಯ ಮುಂದುವರಿಕೆಯಾಗಿ ಹೆಸರಿನ ವಿಚಾರಕ್ಕೆ ಬರುತ್ತೇನೆ.

ಮೊದಲು ಕಾಲದ ಚೌಕಟ್ಟು. ಗಾಜನ್ನು ಊದುವ ವಿದ್ಯೆಯೇ ಆಗ ಹೊಸದು. ಜೆರುಸಲೇಮಿನ ಯಹೂದಿ ವಸತಿಯಲ್ಲಿ ನಹ್ಮಾನ್ ಅವಿಗಾದ್ ಅವರು ನಡೆಸಿದ ಉತ್ಖನನದಲ್ಲಿ, ಕ್ರಿ.ಪೂ. ಒಂದನೆಯ ಶತಮಾನದ ನಡುಭಾಗಕ್ಕೆ ಸೇರಿದ ಕಸದ ರಾಶಿಯೊಂದರಲ್ಲಿ ಒಂದು ತುದಿ ಮುಚ್ಚಿ ಊದಿದ ಗಾಜಿನ ಕೊಳವೆಗಳು ಸಿಕ್ಕವು. ಊದುವಿಕೆಯ ಅತಿ ಹಳೆಯ ಗುರುತುಗಳಲ್ಲಿ ಅವೂ ಸೇರಿವೆ. ಅಲ್ಲಿಂದ ಮೂರು ನಾಲ್ಕು ತಲೆಮಾರು ಕಳೆಯುವುದರೊಳಗೆ, ಅಂದರೆ ಕ್ರಿ.ಶ. ಒಂದನೆಯ ಶತಮಾನದ ಮೊದಲ ಪಾದದ ಸುಮಾರಿಗೆ, ಅಚ್ಚಿನೊಳಗೆ ಊದುವ ಕ್ರಮ ಕಾಣಿಸಿಕೊಂಡಿತು. ಎನ್ನಿಯೋನನ ಪಾತ್ರೆಗಳು ಈ ಕ್ರಮದ ಆರಂಭದ ಘಟ್ಟಕ್ಕೆ ಸೇರಿದವು. ಇಷ್ಟಾಗಿಯೂ ಅವುಗಳಲ್ಲಿ ಹೊಸ ವಿದ್ಯೆಯ ತಡವರಿಕೆ ಇಲ್ಲ. ನಂತರ ಬಂದವರ ಎಷ್ಟೋ ಕೆಲಸಕ್ಕಿಂತ ಅವೇ ನಾಜೂಕಾಗಿವೆ. ಇದನ್ನು ನಾನು ಮೆಚ್ಚುಗೆಯಿಂದಷ್ಟೇ ಹೇಳುತ್ತಿಲ್ಲ. ಅಚ್ಚು ಮಾಡುವ ಕೈ ಗಾಜಿನ ಕುಲುಮೆಯಲ್ಲಿ ಪಳಗಿದ್ದಲ್ಲ, ಬೆಳ್ಳಿ ಪಾತ್ರೆಯನ್ನೋ ಅಚ್ಚಿನ ಮಡಕೆಯನ್ನೋ ಮಾಡುವ ಕಡೆ ಮೊದಲೇ ಪಳಗಿದ್ದು ಎಂಬ ಊಹೆಗೆ ಇದು ಬಲ ಕೊಡುತ್ತದೆ. ನೀಳ ಏಣುಗಳ ಸಾಲು, ಜೇನುಗೂಡಿನಂಥ ಹೆಣಿಗೆ, ದ್ರಾಕ್ಷಿ ಮತ್ತು ಐವಿ ಬಳ್ಳಿ, ತಾಳೆಗರಿಯ ಚಿತ್ತಾರ ಇವೆಲ್ಲ ಅಂದಿನ ಬೆಳ್ಳಿಯ ಪಾತ್ರೆಗಳಲ್ಲಿ ಪರಿಚಿತವಾಗಿದ್ದ ಅಲಂಕಾರಗಳು.

ಎನ್ನಿಯೋನನ ಹಲವು ಬಟ್ಟಲುಗಳಲ್ಲಿ ಒಂದು ಮಗ್ಗುಲಿನ ಚೌಕಟ್ಟಿನಲ್ಲಿ ಅವನ ಹೆಸರಿದ್ದರೆ ಎದುರು ಮಗ್ಗುಲಿನಲ್ಲಿ ಇನ್ನೊಂದು ಸಾಲಿದೆ: ‘ಕೊಂಡವನು ನೆನಪಿನಲ್ಲಿರಲಿ.’ ಕೊಳ್ಳುವವನು ಯಾರೆಂದು ಗೊತ್ತಾಗುವ ಮೊದಲೇ ಅವನಿಗೆ ಸಲ್ಲುವ ಹಾರೈಕೆಯನ್ನು ಅಚ್ಚಿನಲ್ಲಿ ಕೊರೆದಿಟ್ಟಿರುವುದರಿಂದ, ಇವು ಯಾರದೋ ಬೇಡಿಕೆಯ ಮೇಲೆ ಒಂದೊಂದಾಗಿ ಮಾಡಿದ ವಸ್ತುಗಳಲ್ಲ, ಅಂಗಡಿಯ ಮಾರಾಟಕ್ಕೆಂದೇ ತಯಾರಾದವು ಎಂಬುದು ಸ್ಪಷ್ಟ. ಹಾಗಾದರೆ ಹೆಸರಿನ ಕೆಲಸವೂ ಮಾರಾಟಕ್ಕೆ ಸಂಬಂಧಿಸಿದ್ದೇ ಆಗಿರಬೇಕು.

ಇಲ್ಲಿ ಮಣ್ಣಿನ ಪಾತ್ರೆಗಳ ಉದಾಹರಣೆ ದಾರಿ ತೋರಿಸುತ್ತದೆ. ಇಟಲಿಯ ಅರೆಝೊ ಪಟ್ಟಣದಲ್ಲಿ ಅಗಸ್ಟಸ್ಸನ ಕಾಲದಲ್ಲಿ ತಯಾರಾಗುತ್ತಿದ್ದ, ಕೆಂಪು ಹೊಳಪಿನ ಉಬ್ಬುಚಿತ್ತಾರದ ಪಾತ್ರೆಗಳನ್ನು ಅಚ್ಚಿನಲ್ಲಿ ಒತ್ತಿಯೇ ಮಾಡುತ್ತಿದ್ದರು, ಹೆಸರಿನ ಮುದ್ರೆಯನ್ನೂ ಅಚ್ಚಿನಲ್ಲಿಯೇ ಹಾಕುತ್ತಿದ್ದರು. ಮಾರ್ಕಸ್ ಪೆರೆನ್ನಿಯಸ್ ಎಂಬ ಒಡೆಯನ ಮುದ್ರೆಗಳಲ್ಲಿ ಅವನ ಹೆಸರಿನ ಜೊತೆಗೆ ಕೆರ್ಡೋನಂಥ ಕೆಲಸಗಾರರ ಹೆಸರುಗಳೂ ಬರುತ್ತವೆ. ಅವರಲ್ಲಿ ಹಲವರು ದಾಸರು. ಅಂದರೆ ಒಂದೇ ಮುದ್ರೆಯಲ್ಲಿ ಬಂಡವಾಳ ಹಾಕಿದವನೂ ಇರಬಹುದು, ಕೈಯಿಂದ ಮಾಡಿದವನೂ ಇರಬಹುದು. ಮೆಡಿಟರೇನಿಯನ್ನಿನ ಗ್ರಾಹಕರಿಗೆ ಇಂಥ ಹೆಸರುಗಳನ್ನು ಓದಿ, ಗುರುತಿಟ್ಟು ಕೊಳ್ಳುವ ರೂಢಿ ಗಾಜಿನ ಅಚ್ಚು ಬರುವ ಮೊದಲೇ ಇತ್ತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಎನ್ನಿಯೋನ್ ಕಾರ್ಯಾಗಾರದ ಯಜಮಾನನಾಗಿದ್ದ, ಮತ್ತು ಬಹುಶಃ ಅಚ್ಚುಗಳ ವಿನ್ಯಾಸವೂ ಅವನದೇ ಆಗಿತ್ತು. ಬಟ್ಟಲು, ಹೂಜಿ, ಷಟ್ಕೋನದ ಪಾತ್ರೆ ಹೀಗೆ ಆಕಾರಗಳು ಬೇರೆಬೇರೆಯಾಗಿದ್ದರೂ ಅಲಂಕಾರದ ಲೆಕ್ಕಾಚಾರವು ಒಂದೇ ಮನಸ್ಸಿನಿಂದ ಹೊರಟಂತಿದೆ. ಊದಿದವರು ಬಹುಶಃ ಹಲವರು. ಅವರ ಹೆಸರುಗಳು ನಮಗೆ ತಲುಪಿಲ್ಲ. ಎನ್ನಿಯೋನನಿಗೆ ಅನುಯಾಯಿಗಳೋ ಪೈಪೋಟಿಗಾರರೋ ಇದ್ದರು: ಯಾಸೋನ್, ಮೆಗೆಸ್, ನೀಕೈಸ್, ತಾನು ಸೈಪ್ರಸ್ಸಿನವನೆಂದು ಬರೆದುಕೊಂಡ ಅರಿಸ್ಟೆಯಾಸ್. ಇವರ ಪಾತ್ರೆಗಳ ಸಂಖ್ಯೆ ಬಹಳ ಕಡಿಮೆ.

ಅರ್ಟಾಸ್ ಎಂಬವನ ವಿಚಾರ ಬೇರೆ. ತಾನು ಸಿಡೋನ್ ಪಟ್ಟಣದವನೆಂದು (ಇಂದಿನ ಲೆಬನಾನಿನ ಕರಾವಳಿಯ ಊರು) ಅವನು ಗ್ರೀಕ್ ಮತ್ತು ಲ್ಯಾಟಿನ್ ಎರಡೂ ಲಿಪಿಗಳಲ್ಲಿ ಬರೆದುಕೊಂಡಿದ್ದಾನೆ, ಆದರೆ ಅಚ್ಚಿನಲ್ಲಿ ಅಲ್ಲ. ಬಟ್ಟಲು ಸಿದ್ಧವಾದ ಮೇಲೆ ಹಿಡಿಕೆಯ ಬಿಸಿ ಗಾಜಿನ ಮೇಲೆ ಹೆಬ್ಬೆರಳು ಊರುವ ಜಾಗದಲ್ಲಿ ಮುದ್ರೆ ಒತ್ತಿದ್ದಾನೆ. ತುಂಗಾತೀರ ಅವರ ಪ್ರಶ್ನೆಗೆ ಈ ವ್ಯತ್ಯಾಸ ಮುಖ್ಯವಾದುದು. ಹಿಡಿಕೆಯ ಮೇಲಿನ ಮುದ್ರೆ ಕುಲುಮೆಯ ಮುಂದೆ ಬಿದ್ದದ್ದು. ಅಚ್ಚಿನ ಹೆಸರು ಕುಲುಮೆ ಹೊತ್ತುವುದಕ್ಕೂ ಎಷ್ಟೋ ಮೊದಲು ಅಚ್ಚು ಮಾಡುವವನ ಮಣೆಯ ಮೇಲೆ ಮೂಡಿದ್ದು.

ಮರುಪ್ರಶ್ನೆ: ತುಂಗಾತೀರ

ಇಬ್ಬರಿಗೂ ಕೃತಜ್ಞತೆಗಳು. ಮಾರಾಟದ ಮಾತು ಬಂದದ್ದರಿಂದ ಕೇಳುತ್ತೇನೆ: ಇವು ಶ್ರೀಮಂತರ ವಸ್ತುಗಳಾಗಿದ್ದುವೇ, ಅಥವಾ ಎಲ್ಲರಿಗೂ ಎಟುಕುತ್ತಿದ್ದುವೇ? ಹಾಗೆಯೇ, ಅಲ್ಲಿದ್ದ ಕೆಲವು ಪಾತ್ರೆಗಳ ಮೈಮೇಲೆ ಕಾಮನಬಿಲ್ಲಿನ ಬಣ್ಣಗಳು ಹೊಳೆಯುತ್ತಿದ್ದವು. ಆ ಹೊಳಪು ಮೂಲದಲ್ಲಿಯೇ ಇತ್ತೇ? ಅಚ್ಚಿನಲ್ಲಿ ಊದಿದ ಎಲ್ಲ ಪಾತ್ರೆಗಳಲ್ಲಿಯೂ ಹೆಸರುಗಳು ಮಾಡಿದವರದೇ ಆಗಿರುತ್ತವೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾದೀತು.

ಉತ್ತರ: ಕುಲುಮೆವಾಸಿ

ಕಾಮನಬಿಲ್ಲು ಮಣ್ಣಿನ ಕೊಡುಗೆ. ಶತಮಾನಗಟ್ಟಲೆ ತೇವದಲ್ಲಿ ಹೂತುಹೋದ ಗಾಜಿನ ಹೊರಮೈಯಿಂದ ಸೋಡದ ಅಂಶ ಕರಗಿ ಹೋಗುತ್ತದೆ. ಉಳಿಯುವ ಸಿಲಿಕಾದ ಅತಿ ತೆಳುವಾದ ಪದರಗಳ ಮೇಲೆ ಬೆಳಕು ಬಿದ್ದಾಗ ಬಣ್ಣಗಳು ಒಡೆದು ಕಾಣುತ್ತವೆ. ಹೊಸದಾಗಿದ್ದಾಗ ಅವು ಪಾರದರ್ಶಕವಾಗಿದ್ದವು. ಮರಳಿನಲ್ಲಿ ಸಹಜವಾಗಿರುವ ಕಬ್ಬಿಣದ ಅಂಶದಿಂದ ಬರುವ ತಿಳಿ ಹಸಿರು-ನೀಲಿ ಹೆಚ್ಚು ಸಾಮಾನ್ಯ. ಕೋಬಾಲ್ಟ್ ಬೆರೆಸಿದರೆ ಗಾಢ ನೀಲಿ, ಮ್ಯಾಂಗನೀಸಿನಿಂದ ನೇರಳೆ ಬರುತ್ತಿತ್ತು. ಮ್ಯಾಂಗನೀಸನ್ನು ಹದವರಿತು ಹಾಕಿದರೆ ಅದೇ ಹಸಿರು ಛಾಯೆಯನ್ನು ತೆಗೆದು ಗಾಜನ್ನು ಬಣ್ಣರಹಿತವನ್ನಾಗಿಯೂ ಮಾಡುತ್ತದೆ.

ಉತ್ತರ: ಅಖಾಡದ ಓದುಗ

ಬೆಲೆ ಮತ್ತು ಹೆಸರು, ಎರಡಕ್ಕೂ ಸೇರಿಸಿ ಉತ್ತರಿಸಲು ಯತ್ನಿಸುತ್ತೇನೆ.

ಭೂಗೋಳಕಾರ ಸ್ಟ್ರಾಬೊ ತನ್ನ ಕಾಲದ ರೋಮ್ ನಗರದಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಬಟ್ಟಲನ್ನೋ ಕುಡಿಯುವ ಪುಟ್ಟ ಲೋಟವನ್ನೋ ಕೊಳ್ಳಬಹುದಿತ್ತು ಎಂದು ಬರೆದಿದ್ದಾನೆ. ಒಂದನೆಯ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ, ಕುಡಿಯುವ ಪಾತ್ರೆಗಳ ವಿಚಾರದಲ್ಲಿ ಗಾಜು ಬೆಳ್ಳಿ ಬಂಗಾರಗಳನ್ನು ಹಿಂದಕ್ಕೆ ತಳ್ಳಿದೆ ಎನ್ನುತ್ತಾನೆ. ಪೆಟ್ರೋನಿಯಸ್ಸನ ಕಥನದಲ್ಲಿ ಬರುವ ಹೊಸ ಹಣವಂತ ಟ್ರಿಮಾಲ್ಕಿಯೊ, ಗಾಜಿಗೆ ವಾಸನೆ ಹತ್ತುವುದಿಲ್ಲ, ಒಡೆಯದಿದ್ದರೆ ತನಗೆ ಚಿನ್ನಕ್ಕಿಂತ ಅದೇ ಇಷ್ಟವಾಗುತ್ತಿತ್ತು, ಆದರೆ ಈಗ ಅದು ತೀರ ಅಗ್ಗ ಎಂದು ಅತಿಥಿಗಳ ಮುಂದೆ ಹೇಳಿಕೊಳ್ಳುತ್ತಾನೆ. ಈ ಮಾತುಗಳನ್ನು ಸಾದಾ ಊದಿದ ಗಾಜಿಗೆ ಅನ್ವಯಿಸಬಹುದೇ ಹೊರತು ಎನ್ನಿಯೋನನ ಹೂಜಿಗೂ ಅದೇ ಬೆಲೆಯಿತ್ತೆಂದು ಭಾವಿಸಲಾಗದು. ಅವನ ಹೂಜಿಯೊಂದು ಜೆರುಸಲೇಮಿನಲ್ಲಿ ಸಿಕ್ಕಿದ್ದು ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ನಗರವನ್ನು ಸುಟ್ಟಾಗ ನಾಶವಾದ, ಸಿರಿವಂತರದೆಂದು ಸ್ಪಷ್ಟವಾಗಿರುವ ದೊಡ್ಡ ಮನೆಯೊಂದರಲ್ಲಿ. ಬೆಳ್ಳಿಗಿಂತ ಕಡಿಮೆ, ಸಾದಾ ಗಾಜಿಗಿಂತ ಹೆಚ್ಚು ಎಂಬ ನಡುವಣ ಸ್ಥಾನವನ್ನು ಅವಕ್ಕೆ ಕೊಡುವುದು ಸೂಕ್ತವೆನಿಸುತ್ತದೆ.

ಹೆಸರಿನ ವಿಚಾರಕ್ಕೆ ಬಂದರೆ, ಪಶ್ಚಿಮದಲ್ಲಿ ಚಿತ್ರವೇ ಬೇರೆ. ಕ್ರಿ.ಶ. ಸುಮಾರು 50ರಿಂದ 80ರವರೆಗೆ ಗಾಲ್ (ಇಂದಿನ ಫ್ರಾನ್ಸಿನ ಸೀಮೆ), ಬ್ರಿಟನ್ ಮತ್ತು ರೈನ್ ಕಡೆಯ ಪ್ರಾಂತ್ಯಗಳಲ್ಲಿ ಕ್ರೀಡಾ ಬಟ್ಟಲುಗಳೆಂದು ವಿದ್ವಾಂಸರು ಕರೆಯುವ ಲೋಟಗಳು ಬಳಕೆಯಲ್ಲಿದ್ದವು. ಇಂದಿನ ಸ್ವಿಟ್ಜರ್ಲೆಂಡಿನಲ್ಲಿರುವ ವಿಂಡೊನಿಸ್ಸಾ ಸೈನಿಕ ನೆಲೆಯಲ್ಲಿಯೂ ಇವುಗಳ ಚೂರುಗಳು ಸಿಕ್ಕಿವೆ. ಇವುಗಳ ಮೇಲೂ ಹೆಸರುಗಳಿವೆ, ಆದರೆ ಲ್ಯಾಟಿನ್ ಲಿಪಿಯಲ್ಲಿ, ಮತ್ತು ಅವು ಮಾಡಿದವರ ಹೆಸರುಗಳಲ್ಲ, ಆಡಿದವರ ಹೆಸರುಗಳು.

ಇಂಗ್ಲೆಂಡಿನ ಕೋಲ್ಚೆಸ್ಟರಿನಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲೋಟದಲ್ಲಿ ನಾಲ್ಕು ಕುದುರೆಗಳ ನಾಲ್ಕು ರಥಗಳು ಓಡುತ್ತಿವೆ. ಓಟದ ಅಂಕಣದ ನಡುದಿಬ್ಬದಲ್ಲಿದ್ದ ಕಟ್ಟಡಗಳನ್ನೂ ತಿರುವಿನ ಕಂಬಗಳನ್ನೂ ಅಚ್ಚು ಮಾಡಿದವನು ಅಷ್ಟು ಕಿರಿದಾದ ಜಾಗದಲ್ಲಿ ತಂದಿದ್ದಾನೆ. ಮೇಲಿನ ಪಟ್ಟಿಯಲ್ಲಿ ಹಿಯೆರಾಕ್ಸ್, ಒಲಿಂಪೆ, ಅಂಟಿಲೋಕೆ ಎಂಬ ಸಾರಥಿಗಳಿಗೆ ವಿದಾಯ ಹೇಳಿ, ಕ್ರೆಸ್ಕೆನ್ಸ್ ಎಂಬವನಿಗೆ ಮಾತ್ರ ಜಯಕಾರ ಹಾಕಲಾಗಿದೆ. ಗೆದ್ದವನು ಅವನೇ ಎಂಬುದರಲ್ಲಿ ಸಂಶಯವಿಲ್ಲ.

ಮೆಟ್ರೊಪಾಲಿಟನ್ ಸಂಗ್ರಹದಲ್ಲಿಯೇ, ಫ್ರಾನ್ಸಿನ ಮೊಂಟಾನ್ಯೋಲ್‌ನಲ್ಲಿ ದೊರೆತದ್ದೆಂದು ಹೇಳಲಾಗುವ ಇನ್ನೊಂದು ಲೋಟವಿದೆ. ತುಂಗಾತೀರ ಅವರು ಮುಂದಿನ ಸಲ ಅದನ್ನೂ ನೋಡಬೇಕು. ಅದರ ಸುತ್ತ ಜೋಡಿಜೋಡಿಯಾಗಿ ಸೆಣಸುತ್ತಿರುವ ಗ್ಲಾಡಿಯೇಟರುಗಳು, ಅಂದರೆ ಅಖಾಡದ ಕತ್ತಿಕಾಳಗದವರು, ಇದ್ದಾರೆ, ತಲೆಯ ಮೇಲ್ಗಡೆ ಅವರವರ ಹೆಸರುಗಳಿವೆ: ಸ್ಪಿಕುಲಸ್, ಕೊಲುಂಬಸ್, ಪೆಟ್ರೈಟೆಸ್, ಪ್ರೂಡೆಸ್ ಮೊದಲಾದವರು. ಇವು ಕಲ್ಪಿತ ಹೆಸರುಗಳಲ್ಲ. ಸ್ಪಿಕುಲಸ್ ಎಂಬ ಗ್ಲಾಡಿಯೇಟರನಿಗೆ ನೀರೋ ಚಕ್ರವರ್ತಿ ಮನೆ ಆಸ್ತಿಗಳನ್ನು ಕೊಟ್ಟಿದ್ದನೆಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ಯುಟೋನಿಯಸ್ ದಾಖಲಿಸಿದ್ದಾನೆ. ಗೆದ್ದರೂ ಸಣ್ಣ ಗಾಯವಾಗಿದ್ದ ಕೊಲುಂಬಸ್ ಎಂಬವನ ಗಾಯಕ್ಕೆ ಕ್ಯಾಲಿಗುಲಾ ಚಕ್ರವರ್ತಿ ವಿಷ ಹಾಕಿಸಿದ ಕಥೆಯೂ ಸ್ಯುಟೋನಿಯಸ್ಸನಲ್ಲಿಯೇ ಇದೆ. ಟ್ರಿಮಾಲ್ಕಿಯೊ ತನ್ನ ಸಮಾಧಿಯ ಮೇಲೆ ಪೆಟ್ರೈಟೆಸನ ಹೋರಾಟಗಳನ್ನು ಕೆತ್ತಿಸಬೇಕೆಂದು ಅಪ್ಪಣೆ ಕೊಡುತ್ತಾನೆ. ಹಾಗೆಂದು ಲೋಟದ ಸ್ಪಿಕುಲಸ್ಸನೇ ನೀರೋನ ಸ್ಪಿಕುಲಸ್ ಎಂದು ಖಚಿತವಾಗಿ ಹೇಳುವಂತಿಲ್ಲ, ಏಕೆಂದರೆ ಅಖಾಡದಲ್ಲಿ ಹೆಸರು ಮಾಡಿದವರ ಹೆಸರನ್ನು ಮುಂದಿನವರೂ ಇಟ್ಟುಕೊಳ್ಳುತ್ತಿದ್ದರು.

ಪೂರ್ವದ ಬಟ್ಟಲು ಕೊಳ್ಳುವವನನ್ನು ಹರಸಿತು, ಕೆಲವು ಲೋಟಗಳು ‘ಸಂತೋಷವಾಗಿರು’, ‘ಜಯವನ್ನು ಪಡೆ’ ಎಂದು ಕುಡಿಯುವವನನ್ನು ಹುರಿದುಂಬಿಸಿದವು. ಪಶ್ಚಿಮದ ಲೋಟ ಕೊಳ್ಳುವವನು ಮೆಚ್ಚಿದ ಆಟಗಾರನನ್ನು ಮೆರೆಸಿತು. ಅಲ್ಲಿ ಯಾವ ಕಾರ್ಯಾಗಾರದಲ್ಲಿ ತಯಾರಾಯಿತು ಎಂಬುದು ಗ್ರಾಹಕನಿಗೆ ಬೇಕಿದ್ದ ಮಾಹಿತಿಯಾಗಿರಲಿಲ್ಲವೆಂದು ತೋರುತ್ತದೆ.

ಉತ್ತರ: ಪಡುಗಡಲು

ಚರ್ಚೆಗೆ ಒಂದು ಸಣ್ಣ ಸೇರ್ಪಡೆ. ಭಾರತದ ಕರಾವಳಿಯಲ್ಲಿ ರೋಮನ್ ಗಾಜು ಸಿಕ್ಕಿದೆಯೆಂಬ ವಿಷಯ ಇಂಥ ಚರ್ಚೆಗಳಲ್ಲಿ ಬಂದೇ ಬರುತ್ತದೆ, ಮತ್ತು ಅಲ್ಲಿ ಒಂದು ಗೊಂದಲವೂ ಆಗುತ್ತದೆ. ಪುದುಚೇರಿಯ ಬಳಿಯ ಅರಿಕಮೇಡು ಮತ್ತು ಕೇರಳದ ಪಟ್ಟಣಂ ಉತ್ಖನನಗಳಲ್ಲಿ ದೊರೆತ ಪಾತ್ರೆಯ ಚೂರುಗಳಲ್ಲಿ ಗಮನ ಸೆಳೆಯುವುದು ಏಣುಗಳುಳ್ಳ ಬೋಗುಣಿಗಳವು. ಅವು ನೋಡಲು ಅಚ್ಚಿನಲ್ಲಿ ಊದಿದಂತಿದ್ದರೂ ಊದಿದವಲ್ಲ. ಏಣುಗಳಿರುವ ಬಿಸಿ ಗಾಜಿನ ಬಿಲ್ಲೆಯನ್ನು ಗುಮ್ಮಟದಂಥ ಆಕಾರದ ಮೇಲೆ ಬಾಗಿಸಿ ರೂಪಿಸಿದವು. ಕುಲುಮೆವಾಸಿ ಅವರು ಹೇಳಿದ ಒಳಮೈ ಪರೀಕ್ಷೆಯನ್ನು ಇವುಗಳ ಮೇಲೆ ಮಾಡಿದರೆ ಏಣುಗಳ ಹಿಂದೆ ತಗ್ಗು ಇರುವುದಿಲ್ಲ. ಒಂದನೆಯ ಶತಮಾನದ ಕಡಲ ವ್ಯಾಪಾರದ ಕೈಪಿಡಿಯಾದ ಎರಿತ್ರಿಯನ್ ಸಮುದ್ರದ ಪೆರಿಪ್ಲಸ್, ಬರಿಗಾಜಾ (ಗುಜರಾತಿನ ಭರೂಚ್) ಮತ್ತು ಮುಜಿರಿಸ್ (ಕೇರಳ ಕರಾವಳಿ) ಬಂದರುಗಳಿಗೆ ಆಮದಾಗುತ್ತಿದ್ದ ಸರಕುಗಳಲ್ಲಿ ಕಚ್ಚಾ ಗಾಜನ್ನು ಹೆಸರಿಸುತ್ತದೆ. ಇತ್ತ ಪ್ಲಿನಿಯಾದರೋ, ಭಾರತದಲ್ಲಿ ಒಡೆದ ಸ್ಫಟಿಕದಿಂದ ಗಾಜು ಮಾಡುತ್ತಾರೆ, ಆದ್ದರಿಂದ ಅದಕ್ಕೆ ಸಮನಾದುದಿಲ್ಲ ಎಂದು ಕೇಳಿದ ಮಾತನ್ನು ಬರೆದಿಟ್ಟಿದ್ದಾನೆ. ಕಚ್ಚಾ ಗಾಜನ್ನು ಕೊಳ್ಳುತ್ತಿದ್ದ ನಾಡಿನ ಬಗ್ಗೆ ಇಂಥ ಕೀರ್ತಿ ಹಬ್ಬಿದ್ದು ನನಗೆ ತಮಾಷೆಯಾಗಿ ಕಾಣುತ್ತದೆ.

ಉತ್ತರ: ಮರಳುದಂಡೆ

ಶಾಸನಪ್ರಿಯೆ ಅವರ ಬರಹದಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಎನ್ನಿಯೋನನನ್ನು ಒಂದೇ ಕಾರ್ಯಾಗಾರದ ಯಜಮಾನನೆಂದು ಹೇಳಿದ ಕೂಡಲೇ ಆ ಕಾರ್ಯಾಗಾರ ಎಲ್ಲಿತ್ತು ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅಲ್ಲಿಯೇ ತೊಡಕು ಇರುವುದು.

ಅರ್ಟಾಸನಂತೆ ಎನ್ನಿಯೋನ್ ತನ್ನ ಊರನ್ನು ಬರೆದುಕೊಂಡಿಲ್ಲ. ಶೈಲಿಯ ಆಧಾರದ ಮೇಲೆ, ಮತ್ತು ಗಾಜಿಗೆ ಸಿಡೋನ್ ಪಡೆದಿದ್ದ ಖ್ಯಾತಿಯ ಆಧಾರದ ಮೇಲೆ ಅವನನ್ನು ಅಲ್ಲಿಯವನೆಂದು ಎಣಿಸುವುದು ವಾಡಿಕೆ. ಆದರೆ ಪಾತ್ರೆಗಳು ಸಿಕ್ಕ ಜಾಗಗಳನ್ನು ನೋಡಿದರೆ ಅವನ ಹೂಜಿಯಂಥ ದೊಡ್ಡ ಪಾತ್ರೆಗಳು ಪೂರ್ವದ ಕಡೆಗೆ ಸೇರಿದರೆ, ಬಟ್ಟಲುಗಳು ಇಟಲಿಯಲ್ಲಿ, ಅದರಲ್ಲಿಯೂ ಉತ್ತರದ ಏಡ್ರಿಯಾಟಿಕ್ ಸೀಮೆಯಲ್ಲಿ ಹೆಚ್ಚಾಗಿ ಸಿಕ್ಕಿವೆ. ಇದರಿಂದ, ಅವನು ಪೂರ್ವದಲ್ಲಿ ಕೆಲಸ ಆರಂಭಿಸಿ ಆಮೇಲೆ ಇಟಲಿಗೆ ಬಂದು ನೆಲೆಸಿದನು ಅಥವಾ ಅಲ್ಲೊಂದು ಶಾಖೆ ತೆರೆದನು ಎಂಬ ವಾದ ಹುಟ್ಟಿತು. ಮಾಲು ಹಡಗಿನಲ್ಲಿ ಬಂದಿರಬಹುದು, ಮನುಷ್ಯನೇ ಬಂದಿರಬೇಕೆಂದೇನೂ ಇಲ್ಲ ಎಂಬುದು ಎದುರು ವಾದ. 2014ರ ಡಿಸೆಂಬರಿನಲ್ಲಿ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಎನ್ನಿಯೋನನ ಮೇಲೆಯೇ ಒಂದು ಪ್ರದರ್ಶನವನ್ನು ಏರ್ಪಡಿಸಿ, ಚದುರಿಹೋಗಿದ್ದ ಪಾತ್ರೆಗಳನ್ನು ಒಂದೆಡೆ ತಂದಿತ್ತು. ಆ ಬಳಿಕವೂ ಎರಡು ವಾದಗಳೂ ಉಳಿದುಕೊಂಡಿವೆ.

ರಾಸಾಯನಿಕ ವಿಶ್ಲೇಷಣೆ ಇದನ್ನು ಬಿಡಿಸಬಹುದೆಂದು ಕೆಲವರು ನಿರೀಕ್ಷಿಸುತ್ತಾರೆ. ಅದು ಏಕೆ ಕಷ್ಟವೆಂಬುದಕ್ಕೆ ರೋಮನ್ ಗಾಜಿನ ಉದ್ಯಮ ಎರಡು ಹಂತಗಳಲ್ಲಿ ನಡೆಯುತ್ತಿದ್ದುದೇ ಕಾರಣ. ಗಾಜನ್ನು ತಯಾರಿಸುವುದು ಒಂದು ಕಡೆ, ಪಾತ್ರೆ ಮಾಡುವುದು ಇನ್ನೊಂದು ಕಡೆ. ಇಂದಿನ ಇಸ್ರೇಲಿನ ಅಕ್ಕೋ ಪಟ್ಟಣದ ಹತ್ತಿರ ಸಮುದ್ರ ಸೇರುವ ಬೆಲಸ್ ನದಿಯ ದಂಡೆಯ ಮರಳಿನಲ್ಲಿ ಕಪ್ಪೆಚಿಪ್ಪಿನ ಚೂರುಗಳು ಬೆರೆತಿರುವುದರಿಂದ ಬೇಕಾದ ಸುಣ್ಣ ತಾನಾಗಿಯೇ ಸಿಗುತ್ತಿತ್ತು. ಮರಳನ್ನು ಕರಗಿಸಲು ಬೇಕಾದ ನೇಟ್ರಾನ್ ಎಂಬ ಸೋಡದ ಖನಿಜ ಈಜಿಪ್ಟಿನ ವಾಡಿ ನಟ್ರೂನ್‌ನಿಂದ ಬರುತ್ತಿತ್ತು. ಆ ದಂಡೆಯಲ್ಲಿ ತಂಗಿದ ನೇಟ್ರಾನ್ ವ್ಯಾಪಾರಿಗಳು ಅಡುಗೆಗೆ ಒಲೆಗುಂಡುಗಳು ಸಿಗದೆ ಹಡಗಿನಿಂದ ನೇಟ್ರಾನಿನ ಗಟ್ಟಿಗಳನ್ನು ತಂದು ಇಟ್ಟರು, ಅವು ಮರಳಿನೊಂದಿಗೆ ಕರಗಿ ಮೊದಲ ಗಾಜು ಹರಿಯಿತು ಎಂಬ ಪ್ಲಿನಿಯ ಕಥೆಯನ್ನು ಇತಿಹಾಸವೆಂದು ತೆಗೆದುಕೊಳ್ಳಲಾಗದು, ಅಡುಗೆಯ ಬೆಂಕಿಗೆ ಅಷ್ಟು ಶಾಖವಿರುವುದಿಲ್ಲ. ಆದರೆ ಎರಡು ಕಚ್ಚಾ ವಸ್ತುಗಳನ್ನು ಅವನು ಸರಿಯಾಗಿಯೇ ಹೆಸರಿಸಿದ್ದಾನೆ. ಹೀಗೆ ಕರಾವಳಿಯ ದೊಡ್ಡ ಕುಲುಮೆಗಳಲ್ಲಿ ಕರಗಿಸಿದ ಗಾಜನ್ನು ಒಡೆದು, ಹೆಂಟೆಗಳಾಗಿ ಹಡಗಿಗೆ ತುಂಬಿ, ಸಾಮ್ರಾಜ್ಯದ ಎಲ್ಲೆಡೆಗೆ ಸಾಗಿಸುತ್ತಿದ್ದರು. ಕ್ರಿ.ಶ. 301ರ, ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಬೆಲೆಪಟ್ಟಿಯಲ್ಲಿ ಅಲೆಕ್ಸಾಂಡ್ರಿಯದ ಗಾಜಿಗೆ ಪೌಂಡಿಗೆ 24 ದಿನಾರಿ, ಜುದೇಯದ ಹಸಿರು ಗಾಜಿಗೆ 13 ದಿನಾರಿ ಎಂದು ಗಾಜನ್ನು ತೂಕದ ಮೇಲೆಯೇ ನಮೂದಿಸಿದೆ.

ಆದ್ದರಿಂದ ಇಟಲಿಯಲ್ಲಿ ಸಿಕ್ಕ ಬಟ್ಟಲಿನ ಗಾಜು ಪೂರ್ವದ ಕರಾವಳಿಯ ಮರಳಿನದೆಂದು ಸಾಬೀತಾದರೂ, ಅದನ್ನು ಊದಿದ್ದು ಎಲ್ಲಿ ಎಂಬುದು ಅದರಿಂದ ತಿಳಿಯುವುದಿಲ್ಲ. ಅಚ್ಚೂ ಹಡಗಿನಲ್ಲಿ ಸಾಗಿಸಬಹುದಾದ ವಸ್ತುವೇ. ಒಂದು ಪಾತ್ರೆಯ ಮೇಲೆ ಹಸಿ ಜೇಡಿಯನ್ನು ಒತ್ತಿ ಇನ್ನೊಂದು ಅಚ್ಚು ತೆಗೆಯುವುದೂ ಕಷ್ಟವಲ್ಲ. ಹಾಗೆ ಮಾಡಿದಾಗ ಹೆಸರೂ ಜೊತೆಯಲ್ಲಿಯೇ ಬರುತ್ತದೆ, ಅಕ್ಷರಗಳು ಸ್ವಲ್ಪ ಮೊಂಡಾಗಿರುತ್ತವೆ ಅಷ್ಟೆ. ಯಜಮಾನ, ವಿನ್ಯಾಸಕಾರ, ಊದುವವರು ಎಂಬ ಮೂರರ ಪಟ್ಟಿಗೆ, ಅವನ ಪಾತ್ರೆಯನ್ನು ಕೊಂಡು ನಕಲು ಅಚ್ಚು ತೆಗೆದ ದೂರದೂರಿನ ಅನಾಮಿಕನೊಬ್ಬನನ್ನೂ ಸೇರಿಸಲು ಅವಕಾಶವಿದೆ. ಇದನ್ನು ತೀರ್ಮಾನಿಸಲು ಬೇಕಾದ್ದು ಕುಲುಮೆಯ ಕಸ: ಊದುಕೊಳವೆಯಿಂದ ಒಡೆದು ತೆಗೆದ ಗಾಜಿನ ತುಂಡುಗಳು, ಕೆಟ್ಟುಹೋದ ಪಾತ್ರೆಗಳು, ಸಾಧ್ಯವಾದರೆ ಅಚ್ಚಿನ ಒಂದು ಚೂರು, ಇವು ಒಂದೇ ಜಾಗದಲ್ಲಿ ಸಿಗಬೇಕು. ಅಲ್ಲಿಯವರೆಗೆ ಸಿಡೋನ್ ಎಂಬುದನ್ನು ವಸ್ತುಸಂಗ್ರಹಾಲಯಗಳ ವಿವರಣೆಯಲ್ಲಿ ‘ಬಹುಶಃ’ ಎಂಬ ಪದದ ಜೊತೆಗೇ ಓದಿಕೊಳ್ಳುವುದು ಒಳ್ಳೆಯದು.